ಮೇಸ್ತ್ರಿಯ ಹೆಬ್ಬೆಟ್ಟು

ವಾಷಿಂಗ್ ಸೋಡಾದ ನೀರು ಅವಳ ಬೆರಳಿನ ಗೆರೆಗಳನ್ನು ತಿಂದು ಹಾಕಿತ್ತು. ಆಸ್ಪತ್ರೆಗಳ ರಕ್ತದ ಬಟ್ಟೆ ಒಗೆಯುವ ಕಾರ್ಖಾನೆ ಅದು. ದೇವರು ಬರೆದದ್ದನ್ನೂ ಅಳಿಸುವ ನೀರು.

ಮೊದಲು ಗೇಟಿಗೊಂದು ಕಾರ್ಡು, ಯಂತ್ರಕ್ಕೊಂದು ಪಾಸ್‌ವರ್ಡು, ಕಾರ್ಖಾನೆಯ ದವಾಖಾನೆಗೆ ಬೇರೊಂದು ನಂಬರು. ಒಂದರ ಗುರುತು ಇನ್ನೊಂದಕ್ಕಿಲ್ಲದ ಮೂರು ಕಂಪ್ಯೂಟರು. ಈಗ ಮೂರನ್ನೂ ಹೆಣೆದು, ಗೇಟಿನಲ್ಲಿ ಹೆಬ್ಬೆಟ್ಟು ಒತ್ತಿದರೆ ಸಾಕೆಂದರು. ಅವಳು ಒತ್ತಿದಳು. ಕೆಂಪು ದೀಪ. ಮತ್ತೆ ಒತ್ತಿದಳು. ಕೆಂಪೇ.

"ಬಿಡಕ್ಕ, ನಿನ್ನ ಹೆಸರಿಗೆ ನನ್ನ ಬೆರಳು ಕೊಡ್ತೀನಿ. ದಿನಾ ನಾನೇ ಒತ್ತಿ ಒಳಗೆ ಬಿಡ್ತೀನಿ," ಎಂದ ಮೇಸ್ತ್ರಿ.

"ನನ್ನ ಹೆಸರಿಗೆ ನಿಮ್ಮ ಬೆರಳಾ? ಒಳಗಿನ ಕಂಪ್ಯೂಟರು ಕೇಳಲ್ವಾ?"

"ಅವು ಏನೂ ಕೇಳಲ್ಲ. ಗೇಟು ಹೇಳಿದ್ದೇ ವೇದವಾಕ್ಯ."

"ಅದೇ ನನಗೆ ಭಯ."

ಸಾಲಿನಲ್ಲಿದ್ದವರು ನಕ್ಕರು. "ಶುರುವಾಯ್ತು ಅನುಮಾನದಕ್ಕನದು! ಸ್ವಂತ ನೆರಳನ್ನೂ ಯಾರು ನೀನು ಅಂತ ಕೇಳ್ತಾಳೆ!" ಅವರ ಬೆರಳುಗಳೂ ಸವೆದಿದ್ದವು. ಅವರಿಗೂ ಮೇಸ್ತ್ರಿಯ ಬೆರಳೇ ಗತಿ. ಹೊಟ್ಟೆಪಾಡು, ಅವಳೂ ಒಪ್ಪಿ ತಲೆಯಾಡಿಸಿದಳು.

ಒಂದು ಮಧ್ಯಾಹ್ನ ಒಗೆಯುವ ಯಂತ್ರದ ಬಾಗಿಲು ತಾನಾಗಿ ಕಳಚಿ, ಕುದಿನೀರು ಅವಳ ಬಲಗೈ ಮೇಲೆ ಸುರಿಯಿತು. ಚಿಲಕ ಸಡಿಲಾಗಿದೆ ಎಂದು ಮೇಸ್ತ್ರಿಯ ಬೆನ್ನುಬಿದ್ದು ಹೇಳಿದ್ದಳು. ಚರ್ಮ ಸುಲಿದ ಕೈ ಹಿಡಿದು ಅಂಗಳ ದಾಟಿ ದವಾಖಾನೆಗೆ ಬಂದಳು.

ನರ್ಸಮ್ಮ ಪರದೆ ನೋಡಿ ಹುಬ್ಬು ಗಂಟಿಕ್ಕಿದಳು. "ನೀನು ಕೆಲಸ ಬಿಟ್ಟಿದ್ದೀಯಲ್ಲಮ್ಮ. ನಿನ್ನ ಹೆಸರಿಗೆ ಕಂಪ್ಯೂಟರು ಔಷಧಿ ಕಪಾಟಿನ ಬೀಗ ತೆಗೀತಾನೇ ಇಲ್ಲ."

"ಯಾವಾಗ ಬಿಟ್ಟೆ, ತಾಯಿ?"

"ಈಗ ತಾನೆ. ಗೇಟಲ್ಲಿ ನೀನೇ ರಾಜೀನಾಮೆಗೆ ಹೆಬ್ಬೆಟ್ಟು ಒತ್ತಿದ್ದೀಯ."

"ಯಾವ ಕೈಯಲ್ಲಿ?"

ಕೆಲಸದಲ್ಲಿಲ್ಲದವಳ ಕೈ ಬೆಂದರೆ ಕಾರ್ಖಾನೆಯ ತಪ್ಪಲ್ಲವಲ್ಲ.

ಅಷ್ಟರಲ್ಲಿ ಒಗೆಯುವವರೆಲ್ಲ ಒದ್ದೆ ಕೈಯಲ್ಲೇ ಬಂದು ಬಾಗಿಲು ತುಂಬಿದರು. ಹಿಂದೆಯೇ ಮೇಸ್ತ್ರಿ.

"ಇಲ್ಲೇನು ನೋಡ್ತೀರಿ? ಕೆಲಸಕ್ಕೆ ನಡೀರಿ!"

ಗೇಟಿನಲ್ಲಿ ನಕ್ಕಿದ್ದವರಲ್ಲೇ ಒಬ್ಬಳು ತಿರುಗಿ ನಿಂತಳು. "ನೀವೇ ನಡೀರಿ ಮೇಸ್ತ್ರಿ. ಕಂಪ್ಯೂಟರಿನ ಪಾಲಿಗೆ ನಾವೆಲ್ಲ ನೀವೇ ತಾನೆ? ಹೋಗಿ, ಒಬ್ಬರೇ ಒಗೀರಿ. ಅಕ್ಕನ ಕೈಗೆ ಮದ್ದು ಬೀಳೋ ತನಕ ಒಂದು ಬಟ್ಟೇನೂ ನೆನೆಯಲ್ಲ."

ಯಾರೂ ನಗಲಿಲ್ಲ. ಯಾರೂ ಕದಲಲಿಲ್ಲ.

ಅನುಮಾನದಕ್ಕ ಬೆಂದ ಕೈಯನ್ನು ಮೇಜಿನ ಮೇಲಿಟ್ಟಳು. ನರ್ಸಮ್ಮ ಒಮ್ಮೆ ಪರದೆ ನೋಡಿದಳು, ಒಮ್ಮೆ ಆ ಕೈ ನೋಡಿದಳು. ಮೆಲ್ಲನೆ ಎದ್ದು, ಕುಳಿತಿದ್ದ ಕುರ್ಚಿಯನ್ನೇ ಎತ್ತಿ ಕಪಾಟಿನ ಗಾಜಿಗೆ ಬೀಸಿದಳು.