ವಿನೋದಾಳ ಮರಾಠಿ

"ಚಿಕ್ಕಂದಿನಲ್ಲಿ ಹೆದರಿಕೆ, ಹೊಡೆತ, ಅಂಥದ್ದೇನಾದರೂ?" ಎಂದು ಡಾಕ್ಟರಮ್ಮ ಮರಾಠಿಯಲ್ಲಿ ಕೇಳಿದಾಗ ಸರ್ವೋತ್ತಮ ಹೆಂಡತಿಯ ಮುಖ ನೋಡದೆಯೇ ಉತ್ತರ ಕೊಟ್ಟುಬಿಟ್ಟ. "ಏನೂ ಇಲ್ಲ. ಸೋದರಮಾವನ ಮನೆಯಲ್ಲಿ ಸುಖವಾಗಿ ಬೆಳೆದವಳು."

ಉಡುಪಿ ಬಿಟ್ಟು ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದು ಇಪ್ಪತ್ತು ವರ್ಷವಾದರೂ ಆಸ್ಪತ್ರೆ, ಬ್ಯಾಂಕು, ಸೊಸೈಟಿ ಮೀಟಿಂಗು ಎಂದರೆ ವಿನೋದಾಳ ಬಾಯಿ ಅವನೇ. ಅವಳು ಕನ್ನಡದಲ್ಲಿ ಹೇಳುವುದು, ಅವನು ಮರಾಠಿ ಮಾಡುವುದು. ಎಷ್ಟೋ ಸಲ ಅವಳು ಹೇಳುವ ಮೊದಲೇ ಮಾಡಿ ಮುಗಿಸುವುದು. ಬೆರಳ ಗಂಟುಗಳು ಬಾತು ಲೋಟ ಹಿಡಿಯಲೂ ಆಗದಂತಾದ ಮೇಲೆ ಅವಳನ್ನು ಠಾಣೆ ಪಟ್ಟಣದ ಈ ಡಾಕ್ಟರಲ್ಲಿಗೆ ಕರೆತಂದವನೂ ಅವನೇ.

ಡಾಕ್ಟರ್ ಪೆನ್ನು ಕೆಳಗಿಟ್ಟರು. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿಬೀಳುವ ಕಾಯಿಲೆ ಇದು, ಕಾರಣಗಳು ಹಲವು ಎಂದರು. ಎಳವೆಯಲ್ಲಿ ಬಹಳ ಹೆದರಿದವರ ಮೈ ಕೆಲವೊಮ್ಮೆ ದೊಡ್ಡವರಾದ ಮೇಲೂ ಕಾವಲು ಬಿಡುವುದಿಲ್ಲ, ಅದಕ್ಕೇ ಕೇಳಿದ್ದು. "ಒಂದು ಸಲ ಅವರನ್ನೇ ಕೇಳಿ ನೋಡಿ."

ಕೇಳಿದ.

ವಿನೋದಾ ಸೆರಗು ಸರಿಮಾಡಿಕೊಂಡಳು. "ಅವರಿಗೆ ಹೇಳಿ. ಮಾವ ಕುಡಿದು ಬಂದ್ರೆ ಬೆತ್ತ ತೆಗೀತಿದ್ರು. ತಮ್ಮ ಸಣ್ಣವ. ಅವನನ್ನು ಅಕ್ಕಿಮುಡಿ ಹಿಂದೆ ಕೂರಿಸಿ ನಾನು ಎದುರು ಹೋಗ್ತಿದ್ದೆ."

"ಎಂತ ಹೇಳ್ತಿ ಮಾರಾಯ್ತಿ? ನಿನ್ನ ತಮ್ಮ ವಾಸು ಯಾವಾಗಲೂ ಮಾವ ಹಲಸಿನ ಹಣ್ಣು ಬಿಡಿಸಿಕೊಟ್ಟದ್ದೇ ಹೇಳುವುದಲ್ವಾ?"

"ಅವನಿಗೆ ಪೆಟ್ಟೇ ಬೀಳ್ಲಿಲ್ಲ. ಅವ ಹಾಗೇ ಹೇಳ್ಬೇಕು." ಅವಳ ದನಿಯಲ್ಲಿ ಏರಿಳಿತವಿರಲಿಲ್ಲ. "ನೀವು ಮರಾಠಿ ಮಾಡಿ."

ಸರ್ವೋತ್ತಮ ಬಾಯಿ ತೆರೆದ. ಖಾರಘರದಿಂದ ಹಬ್ಬಕ್ಕೆ ಬಂದಾಗಲೆಲ್ಲ ಮಾವನ ಗುಣಗಾನ ಮಾಡಿ ನಗುವ ಭಾವಮೈದುನ ಕಣ್ಣಮುಂದೆ ಬಂದ. ಪಕ್ಕದಲ್ಲೇ ಕೂತು ಎಲ್ಲದಕ್ಕೂ ತಲೆಯಾಡಿಸಿ, ಅವನಿಗೆ ಇನ್ನೊಂದು ಹೋಳಿಗೆ ಬಡಿಸುವ ವಿನೋದಾಳೂ ಬಂದಳು.

ಅವನು ಮರಾಠಿ ಮಾಡುವುದನ್ನು ಅವಳು ಸ್ವಲ್ಪ ಕಾದಳು. ಆಮೇಲೆ ಡಾಕ್ಟರ ಕಡೆ ತಿರುಗಿ, ಸೊಪ್ಪು ಮೀನು ಕೊಳ್ಳುತ್ತಾ ಕಲಿತ ಮರಾಠಿಯಲ್ಲಿ ತಾನೇ ಶುರುಮಾಡಿದಳು. ಅಲ್ಲಲ್ಲಿ ತಪ್ಪಿದಳು, ಎಲ್ಲೂ ನಿಲ್ಲಲಿಲ್ಲ. ಬೆತ್ತಕ್ಕೆ ಮಾತು ಸಿಗದೆ ಕೈ ಎತ್ತಿ ಬೀಸಿ ತೋರಿಸಿದಳು. ಕದದ ಸದ್ದಿಗೆ ಇವತ್ತಿಗೂ ತನಗೆ ಎಚ್ಚರವಾಗುತ್ತದೆ ಎಂದಳು. ಅಷ್ಟು ವರ್ಷ ಅವಳಿಗೆ ಬಾಯಾಗಿದ್ದವನು ಶಾಲೆಯ ಹುಡುಗನಂತೆ ಕೈಕಟ್ಟಿ ಕೇಳಿದ. ತನಗಾದರೆ ಇದರಲ್ಲಿ ಒಂದು ದಿನವನ್ನೂ ಹೊರಲು ಆಗುತ್ತಿರಲಿಲ್ಲ ಅನ್ನಿಸಿತು.

ಸ್ಟೇಷನ್ನಿನ ದಾರಿಯಲ್ಲಿ ಅವಳು, "ವಾಸುವಿಗೆ ಗೊತ್ತಾಗುವುದು ಬೇಡ" ಎಂದಳು.

"ಇಲ್ಲ, ಹೇಳುವುದಿಲ್ಲ."

ಫಾಸ್ಟ್ ಲೋಕಲ್ ಬಂತು. ಅವಳು ಹೆಂಗಸರ ಡಬ್ಬಿಗೆ, ಅವನು ಪಕ್ಕದ ಡಬ್ಬಿಗೆ ಹತ್ತಿದರು. ನಡುವಿನ ಜಾಲರಿಗೆ ಒತ್ತಿಕೊಂಡು ನಿಂತ ಅವನಿಗೆ ಅವಳು ಕಂಡಳು. ಚೀಲಗಳ ಜೊತೆ ನಿಂತಿದ್ದ ಯಾರದೋ ಕೈಯಿಂದ ಮಗುವನ್ನು ಇಸಕೊಂಡು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಗಾಡಿ ಸುರಂಗ ಹೊಕ್ಕು ಸದ್ದು ಭೋರ್ಗರೆದಾಗ ಮಗು ಬೆಚ್ಚಿತು. ವಿನೋದಾ ಬಾತ ಬೆರಳುಗಳನ್ನು ಮೆಲ್ಲಗೆ ಬಿಡಿಸಿ ಅದರ ಎರಡೂ ಕಿವಿ ಮುಚ್ಚಿದಳು. ಹೊರಗಿನ ಬೆಳಕು ಬರುವವರೆಗೂ ತೆಗೆಯಲಿಲ್ಲ.