ಹಸಿರಿನಡಿಯ ಕೆಂಪು

ಶೃಂಗೇರಿಯ ಲಾಡ್ಜುಗಳ ಗೋಡೆಗೆ ಬೆಟ್ಟ, ಹೊಳೆ ಬರೆಯುವ ಹೂವಪ್ಪನಿಗೆ ತನ್ನ ಕೈಗುಣದ ಬಗ್ಗೆ ಇದ್ದ ಜಂಬ ಅಷ್ಟಿಷ್ಟಲ್ಲ. ಕಾಡು ಬರೆಯಬೇಕಾದರೆ ಅವನು ಮೊದಲು ಪೂರ್ತಿ ಕೆಂಪು ಬಳಿಯುತ್ತಿದ್ದ. ಆಮೇಲೆ ಹಸಿರು ಹಚ್ಚುವಾಗ ಅಲ್ಲಲ್ಲಿ ಸಣ್ಣ ಸಂದು ಬಿಡುತ್ತಿದ್ದ. ಸಂದಿನಿಂದ ಇಣುಕುವ ಆ ಕೆಂಪಿನಿಂದಲೇ ಕಾಡಿಗೆ ಬಿಸಿಲು ಬಿದ್ದಂತಾಗುತ್ತಿತ್ತು. "ಬಿಳಿ ಮೇಲೆ ಹಸಿರು ಹಚ್ಚಿದ್ರೆ ಹಳಸಿದ ಪಲ್ಯ ಕಂಡ ಹಾಗೆ ಕಾಣ್ತದೆ ಮಾರಾಯ" ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಲಾಡ್ಜಿನವರು ನಗುತ್ತಿದ್ದರು, ಆದರೂ ಕೆಲಸಕ್ಕೆ ಕರೆಯುತ್ತಿದ್ದದ್ದು ಅವನನ್ನೇ.

ಕೆರೆಕಟ್ಟೆ ಕಡೆಯ ಭಾಗ್ಯ ಬಂದದ್ದೂ ಅವನನ್ನೇ ಹುಡುಕಿಕೊಂಡು. ಹೋದ ಮಳೆಗಾಲದಲ್ಲಿ ಮನೆಯ ಹಿಂದಿನ ಗುಡ್ಡ ಜರಿದು, ಒಳಗೆ ಮಲಗಿದ್ದ ಅವಳ ಮಗಳು ಅನಿತಾಳನ್ನು ಮನೆ ಸಮೇತ ನುಂಗಿತ್ತು. ಹನ್ನೆರಡು ದಿನ ಜೆಸಿಬಿ ಅಗೆದರೂ ಹುಡುಗಿ ಸಿಗಲಿಲ್ಲ. ಅವರ ಪೈಕಿಯಲ್ಲಿ ಸತ್ತವರನ್ನು ಹೂಳುವಾಗ ಹತ್ತಿರದವರು ಮೂರು ಹಿಡಿ ಮಣ್ಣು ಹಾಕಬೇಕು. ಹೆಣವೇ ಇಲ್ಲದ ಮೇಲೆ ಮಣ್ಣು ಹಾಕುವುದು ಎಲ್ಲಿ? ಅದೊಂದು ಆಗಲಿಲ್ಲವಲ್ಲ ಎಂಬ ಸಂಕಟ ಅವಳನ್ನು ಕೊರೆಯುತ್ತಿತ್ತು.

"ಗುಡ್ಡ ಮೊದ್ಲು ಹೆಂಗಿತ್ತೋ ಹಂಗೇ ಬರ್ಕೊಡಿ ಅಣ್ಣ. ಅವ್ಳ ಫೋಟೋನೂ ಮನೆ ಜೊತೆಗೇ ಹೋತು. ವರ್ಷದ ಎಡೆ ಇಡಾಕೆ ಎದ್ರಿಗೆ ಎಂತದಾರೂ ಬೇಕಲ್ಲ" ಎಂದಿದ್ದಳು.

ಎಂಟು ದಿನ ಬಿಟ್ಟು ಬಾ ಎಂದು ಹೂವಪ್ಪ ಹೇಳಿದ್ದರೂ ನಾಲ್ಕೇ ದಿನಕ್ಕೆ ಬಂದಳು. ಹಲಗೆಯ ಮೇಲೆ ಬರೀ ಕೆಂಪು ಗುಡ್ಡ ನಿಂತಿತ್ತು. ಭಾಗ್ಯ ಬಾಗಿಲಲ್ಲೇ ಕುಸಿದು ಕೂತಳು. ಗುಡ್ಡ ಜರಿದ ದಿನ ಬೆಳಗ್ಗೆ ಅವಳು ಕಂಡದ್ದೂ ಹೀಗೇ ಬರೀ ಕೆಂಪು ಮಣ್ಣಾಗಿ ನಿಂತ ಗುಡ್ಡವನ್ನು. ಹೂವಪ್ಪ ನಾಚಿಕೆಯಿಂದ ಹಿಡಿಯಷ್ಟಾದ. ಮೂವತ್ತು ವರ್ಷದ ಅಭ್ಯಾಸ, ಕೈ ತಾನಾಗಿ ಕೆಂಪಿನ ಡಬ್ಬಕ್ಕೆ ಹೋಗಿತ್ತು.

"ಇದು ಬರೀ ಅಡಿಬಣ್ಣ ಮಾರಾಯ್ತಿ. ಮೇಲೆ ಹಸಿರು ಹಚ್ತೀನಿ" ಎಂದ.

ಭಾಗ್ಯ ಎದ್ದು ಬಂದು ಗುಡ್ಡದ ಬುಡದಲ್ಲಿ ಬೆರಳಿಟ್ಟಳು. "ಇಲ್ಲಿ ಮಲ್ಗಿದ್ಲು. ಇಲ್ಲೇ ಬರೀರಿ ಅವ್ಳನ್ನ. ಆಮೇಲೆ ಮುಚ್ಚಿ."

ಎಡಕ್ಕೆ ತಿರುಗಿ, ಮೊಣಕಾಲು ಮಡಚಿ, ನೀಲಿ ಹೊದಿಕೆ ಹೊದ್ದು. ಅವಳು ಹೇಳುತ್ತ ಹೋದಳು, ಅವನು ಬರೆಯುತ್ತ ಹೋದ. ಮುಖವನ್ನು ಅವನು ಕಂಡವನಲ್ಲ. ಹೊದಿಕೆಯನ್ನು ತಲೆಯವರೆಗೆ ಎಳೆದು ಜಡೆ ಮಾತ್ರ ಹೊರಗೆ ಬಿಟ್ಟ. "ಯಾವಾಗ್ಲೂ ಹಂಗೇ ಮಲಗ್ತಿತ್ತು" ಎಂದಳು ಭಾಗ್ಯ.

ಒಣಗಿದ ಮೇಲೆ ಹೂವಪ್ಪ ಹಸಿರಿನ ಡಬ್ಬ ತೆರೆದು ಕುಂಚ ಕೊಡಲು ಹೋದ. ಅವಳು ಕುಂಚ ಮುಟ್ಟಲಿಲ್ಲ. ಡಬ್ಬಕ್ಕೆ ಕೈ ಅದ್ದಿ, ಒಂದು, ಎರಡು, ಮೂರು ಹಿಡಿ ಹಸಿರು ತೆಗೆದು ಮಗಳ ಮೇಲೆ ಹಾಕಿದಳು. ಮೂರನೆಯದಕ್ಕೆ ಅಳು ಬಂತು. ವರ್ಷದಿಂದ ಬಾರದ ಅಳು.

ಉಳಿದದ್ದನ್ನು ಹೂವಪ್ಪ ಮುಚ್ಚಿದ, ಎಲ್ಲೂ ಒಂದು ಸಂದು ಕೂಡ ಬಿಡದೆ. ಗುಡ್ಡ ಮಂಕಾಗಿ, ಅವನೇ ಆಡಿಕೊಳ್ಳುತ್ತಿದ್ದ ಹಳಸಿದ ಪಲ್ಯದ ಬಣ್ಣಕ್ಕೆ ತಿರುಗಿತು. ಅವನು ಅದನ್ನು ತಿದ್ದಲು ಹೋಗಲಿಲ್ಲ. ಮೂಲೆಯಲ್ಲಿ ತನ್ನ ಹೆಸರು ಬರೆಯಲೂ ಕೈ ಏಳಲಿಲ್ಲ.