ಸರ್ಕಾರದ ಬಸುರಿ

"ಏ ಮುದುಕಿ, ಬುಟ್ಟಿಯಾಗೆ ಎಂತ ಬಾಂಬ್ ಇಟ್ಕಂಡೀಯೇ? ಇಳ್ಸು ಕೆಳಗೆ!"

ಕಲ್ಮಕ್ಕಿ ನಾಡಕಚೇರಿಯ ಗೇಟಿನಲ್ಲಿ ಎಸ್ಸೈ ನಮ್ಮತ್ತೆ ಕನ್ನಮ್ಮನ ತಲೆ ಮೇಲಿನ ಬುಟ್ಟಿಗೆ ಲಾಠಿಯಿಂದ ಕುಟ್ಟಿದ. ಅದು ಭೂಮಿ ಹುಣ್ಣಿಮೆಯ ಬುಟ್ಟಿ. ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆದವಳು ನಾನು. ಲಾಠಿ ಬಿದ್ದಲ್ಲಿ ಬಣ್ಣ ಉದುರಿತು. ನನಗೆ ಮೈಯೆಲ್ಲ ಉರಿದುಹೋಯಿತು.

"ಬಾಂಬಲ್ಲ ಸ್ವಾಮಿ, ಕಡುಬು," ಎಂದರು ನಮ್ಮ ಮಾವ ಹೂವಪ್ಪ, ಕೈಮುಗಿದು.

"ಕಡುಬಾ? ಎಷ್ಟ್ ಜನ ಬಂದೀರೋ?"

"ನಾಕೇ ಜನ," ಎಂದ ನನ್ನ ಗಂಡ ಶಿವು.

ಎಸ್ಸೈ ಲಾಠಿ ತೋರಿಸುತ್ತ ಎಣಿಸಿದ. ನಂಬಿಕೆ ಬಾರದೆ ಮತ್ತೊಮ್ಮೆ ಎಣಿಸಿದ. ನಾಲ್ಕೇ. ಅವನ ಮುಖ ಸಪ್ಪಗಾಯಿತು. ಐದು ಜನ ಒಟ್ಟಿಗೆ ನಿಂತರೆ ಜೈಲು, ಘೋಷಣೆ ಕೂಗಿದರೆ ಜೈಲು, ಬೋರ್ಡು ಹಿಡಿದರೆ ಜೈಲು ಎಂದು ಆಟೋಗೆ ಮೈಕು ಕಟ್ಟಿ ಊರೂರು ಸಾರಿದ್ದರು. ಜಾಗ ಬಿಡುವುದಿಲ್ಲ, ಕಚೇರಿ ಮುಂದೆ ಬಂದು ಕೂರುತ್ತೇವೆ ಎಂದು ನಾವು ಅಂದದ್ದಕ್ಕೇ ಸರ್ಕಾರ ಇಷ್ಟು ಬೆವರಿತ್ತು. ಸಾಗರ ರಸ್ತೆಯ ಚಹಾದಂಗಡಿಗೆ ಐದನೆಯವನು ಬಂದರೆ ಮೊದಲು ಬಂದವನು ಗ್ಲಾಸು ಹಿಡಿದುಕೊಂಡು ಮೋರಿಯಾಚೆ ಹೋಗಿ ನಿಲ್ಲುತ್ತಿದ್ದ. ಹೆಣ ಹೊರಲು ನಾಲ್ಕೇ ಜನ ಸಾಕು, ಹಾಗಾಗಿ ಸಾಯಲೇನೂ ಅಡ್ಡಿಯಿರಲಿಲ್ಲ.

ನಮ್ಮ ಅಜ್ಜಂದಿರ ಊರು ಲಿಂಗನಮಕ್ಕಿ ಡ್ಯಾಮಿನ ನೀರಲ್ಲಿ ಮುಳುಗಿದಾಗ, ಎಲ್ಲಾದರೂ ಬದುಕಿಕೊಳ್ಳಿ ಎಂದು ಅವರನ್ನು ಈ ಕಾಡಿಗೆ ತಂದು ಬಿಟ್ಟಿದ್ದರು. ಅವರು ನಿಜವಾಗಿಯೂ ಬದುಕಿಬಿಟ್ಟರು, ಅದೇ ತಪ್ಪಾಯಿತು. ಈಗ ಅವರು ಮಾಡಿದ ಗದ್ದೆಯನ್ನು ಖಾಲಿ ಮಾಡಿ ಎಂದು ನೋಟಿಸು ಬಂದಿತ್ತು. ಹಿಂದಿನ ದಿನ ಉಪ ತಹಶೀಲ್ದಾರ್ ಹರ್ಷಾ ಸಾಹೇಬರೇ ಗದ್ದೆಗೆ ಬಂದಿದ್ದರು. ಮಾವ ಹೋಗಿ ಅವರ ಕಾಲು ಹಿಡಿದರು.

"ಭತ್ತ ಹೊಡೆ ತುಂಬೈತೆ ಸ್ವಾಮಿ. ಗದ್ದೆ ಈಗ ಬಸ್ರಿ. ಕೊಯ್ಲು ಮುಗಿಯಾ ತನ್ಕ ಜೆಸಿಬಿ ತರ್ಬೇಡಿ."

"ಬಸುರಿನಾ?" ಸಾಹೇಬರು ಹಿಂದಿದ್ದವರ ಕಡೆ ತಿರುಗಿ ನಕ್ಕರು. "ಬಸುರು ಮಾಡೋಕೆ ನಿನಗೆ ಯಾರಯ್ಯ ಪರ್ಮಿಷನ್ ಕೊಟ್ಟಿದ್ದು? ಭೂಮಿ ಸರ್ಕಾರದ್ದು. ಮೇಲಿರೋದೂ ಸರ್ಕಾರದ್ದು, ಒಳಗಿರೋದೂ ಸರ್ಕಾರದ್ದು. ನಾಳೆ ಜೆಸಿಬಿ ಬರುತ್ತೆ. ಇತ್ತ ಕಾಲಿಟ್ರೆ ಒದ್ದು ಒಳಗೆ ಹಾಕಿಸ್ತೀನಿ."

ಹಿಂದಿದ್ದವರೂ ನಕ್ಕರು. ಮಾವ ಬದುವಿನ ಮೇಲೆ ಕೂತೇ ಇದ್ದರು. ಸಂಜೆಯೊಳಗೆ ಗದ್ದೆಗೆ ತಂತಿ ಬಿಗಿದು ಕಾವಲು ಹಾಕಿದರು.

ತುಂಬಿದ ಭೂಮಿಗೆ ಹುಣ್ಣಿಮೆಯ ದಿನ ಬಯಕೆಯೂಟ ಹಾಕದೆ ನಾವು ಯಾವತ್ತೂ ಉಂಡವರಲ್ಲ. ಬೆಳಿಗ್ಗೆ ಮನೆಯಲ್ಲಿ ಎಲ್ಲರೂ ತಲೆ ಮೇಲೆ ಕೈಹೊತ್ತು ಕೂತಿದ್ದೆವು. ಎಲೆಗೆ ಹಿಟ್ಟು ಹಾಕಿ ಕಡುಬು ಕಟ್ಟುತ್ತಿದ್ದ ಅತ್ತೆ ಮಾತ್ರ ಇದ್ದಕ್ಕಿದ್ದ ಹಾಗೆ ಕಿಸಕ್ಕನೆ ನಕ್ಕರು.

"ಒಳಗಿರೋದೂ ಸರ್ಕಾರದ್ದೇ ಅಂದ್ನಲ್ಲ ಆ ಸಾಹೇಬ? ಹಂಗಾರೆ ಬಸ್ರು ಮಾಡ್ದೋರೂ ಅವ್ರೇ. ಬಯ್ಕೆ ಊಟನ ಗಂಡನ ಮನೆ ಬಾಗ್ಲಾಗೇ ಹಾಕಾಣ. ಹೇಮಾವತಿ, ಬುಟ್ಟಿ ತಗಳೇ."

ಹೀಗೆ ನಾವು ಬಂದದ್ದು. ಕಡುಬನ್ನು ತಡೆಯುವ ಆದೇಶ ಎಸ್ಸೈ ಬಳಿ ಇರಲಿಲ್ಲ, ಒಳಗೆ ಬಿಟ್ಟ. ಕಚೇರಿಯ ಅಂಗಳದಲ್ಲಿ ಪಹಣಿಗೆ, ರೇಷನ್ ಕಾರ್ಡಿಗೆ ಜನ ಸಾಲಾಗಿ ನಿಂತಿದ್ದರು. ಸಾಲಿನಲ್ಲೂ ನಾಲ್ಕು ಜನರಾದ ಮೇಲೆ ಒಂದು ಮಾರು ಜಾಗ ಬಿಟ್ಟಿದ್ದರು.

ಭೂಮಿತಾಯಿಯನ್ನು ಊಟಕ್ಕೆ ಕೂಗಿ ಕರೆಯುವುದು ಗಂಡಸರ ಕೆಲಸ. ಮಾವ ಬಾಯಿ ತೆರೆದರು. ಪೊಲೀಸರನ್ನು ಕಂಡು ಗಾಳಿ ಬಿಟ್ಟರೆ ಬೇರೇನೂ ಹೊರಡಲಿಲ್ಲ. ಶಿವು ಕೆಮ್ಮಿದ. ಅತ್ತೆ ಸೆರಗು ಸಿಕ್ಕಿಸಿದರು.

"ಹೂ… ಹೂಯ್! ಬಸ್ರಿ ಭೂಮ್ತಾಯೀ! ನಿನ್ ಗಂಡ ಸರ್ಕಾರದ ಮನೆ ಬಾಗ್ಲಾಗೆ ಕಡುಬು ತಂದೀವಿ! ಬಂದು ಹೊಟ್ಟೆ ತುಂಬ ಉಣ್ಣೇ ನಮ್ಮವ್ವಾ! ಹೂ…"

ಕಚೇರಿಯ ಕಿಟಕಿಗಳೆಲ್ಲ ತೆರೆದವು. ಹರ್ಷಾ ಸಾಹೇಬರು ಹೊರಗೆ ಓಡಿಬಂದರು.

"ಯಾರ್ರೀ ಅದು ಘೋಷಣೆ ಕೂಗಿದ್ದು?"

"ಉಣ್ಣಾಕೆ ಕರ್ದಿದ್ದು ಸ್ವಾಮಿ," ಎಂದರು ಅತ್ತೆ. "ನಿಮ್ಮನೆಯಾಗೆ ಉಣ್ಣಾಕೆ ಕರ್ದ್ರೆ ಪೊಲೀಸ್ನೋರು ಬತ್ತಾರಾ?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸಾಹೇಬರ ಕಿವಿ ಕೆಂಪಾಯಿತು. "ಎಸ್ಸೈ, ಇವರನ್ನ ಒಳಗೆ ಹಾಕಿ!"

"ನಾಲ್ಕೇ ಜನ ಇದಾರೆ ಸರ್," ಎಂದ ಎಸ್ಸೈ ಮೆತ್ತಗೆ. ಆಮೇಲೆ ಮುಖ ಅರಳಿತು. "ಆದ್ರೆ ಐದನೆಯವಳನ್ನ ಕರೆದ್ರಲ್ಲ ಸರ್! ಜಯಪ್ಪಾ, ಬರ್ಕೋ. ಆರೋಪಿ ನಂಬರ್ ಐದು, ಭೂಮ್ತಾಯಿ."

ಪೇದೆ ಜಯಪ್ಪ ನಮ್ಮ ಕಡೆಯವನೇ. ಅವನ ಮನೆಯಲ್ಲೂ ಇವತ್ತು ಕಡುಬು. ಬೆವರು ಒರೆಸಿಕೊಂಡು ಕೇಳಿದ, "ವಯಸ್ಸು ಎಷ್ಟಂತ ಹಾಕ್ಲಿ ಸಾರ್?"

"ಹಾಕು ಅಂದಾಜು!"

"ಗಂಡನ ಹೆಸರು?"

ಜಯಪ್ಪನಿಗೆ ಗೊತ್ತಿಲ್ಲದೆ ಕಣ್ಣು ಹರ್ಷಾ ಸಾಹೇಬರ ಕಡೆ ಹೋಯಿತು. ಸಾಲಿಗೆ ಸಾಲೇ ಘೊಳ್ಳೆಂದಿತು. ಎಸ್ಸೈ ಕೈಗೆ ಸಿಕ್ಕ ಮಾವನ ಕೆನ್ನೆಗೆ ಬಾರಿಸಿದ. ಮಾವನ ಮುಂಡಾಸು ಮಣ್ಣಿಗೆ ಬಿತ್ತು. ನಗು ನಿಂತಿತು.

"ಆಟ ಆಡ್ತೀರೇನ್ರೋ ಬೋಳಿಮಕ್ಳಾ? ಬರಿ ಜಯಪ್ಪಾ, ಐದನೇ ಆರೋಪಿ ತಲೆ ಮರೆಸಿಕೊಂಡಿದಾಳೆ ಅಂತ!"

ಅತ್ತೆ ಮುಂಡಾಸನ್ನು ಎತ್ತಿ, ಕೊಡವಿ, ಗಂಡನ ತಲೆಗಿಟ್ಟರು. ಆಮೇಲೆ ಎಸ್ಸೈ ಎದುರಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತರು.

"ಅವ್ಳೆಲ್ಲಿಗೂ ಓಡಿಲ್ಲ ಕಣಪ್ಪಾ. ನಿನ್ ಬೂಟಿನ ಅಡಿಗೇ ಅದಾಳೆ. ಕಾಲೆತ್ತು."

ಆ ದನಿಗೆ ಯಾರಾದರೂ ಎತ್ತುತ್ತಿದ್ದರು. ಎಸ್ಸೈ ಎತ್ತಿಬಿಟ್ಟ. ಅತ್ತೆ ಅದೇ ಜಾಗದಲ್ಲಿ ಎಲೆ ಹಾಸಿ, ಎರಡು ಕಡುಬು, ಬೆರಕೆ ಸೊಪ್ಪಿನ ಪಲ್ಯ ಬಡಿಸಿ, ಕೈಮುಗಿದು "ಹೂ…" ಎಂದರು.

ಸಾಲಿನಿಂದ ಒಬ್ಬ ಮುದುಕ "ಹೂ…" ಎಂದ. ಆಮೇಲೆ ಪಹಣಿಯವರು, ರೇಷನ್ ಕಾರ್ಡಿನವರು, ಗೇಟಿನಾಚೆ ಬಸ್ಸಿಗೆ ಕಾಯುತ್ತಿದ್ದವರು. ನನ್ನ ಬಾಯಿಂದಲೂ ಬಂತು. ಕೂಗುತ್ತ ಅಳುತ್ತಿದ್ದೆ ಎಂದು ಆಮೇಲೆ ಶಿವು ಹೇಳಿದ. ಬಿಟ್ಟಿದ್ದ ಜಾಗಗಳೆಲ್ಲ ತುಂಬಿ, ಎಣಿಸಲಾಗದಷ್ಟು ಜನ ನಮ್ಮ ಸುತ್ತ ಬಂದು ನಿಂತರು.

"ಕಾಲಿಳಿಸ್ರೀ ಎಸ್ಸೈ! ತುಳೀರಿ ಅದನ್ನ!" ಎಂದು ಸಾಹೇಬರು ಕಿರುಚಿದರು.

ಎಸ್ಸೈ ಕೆಳಗೆ ನೋಡಿದ. ಕಡುಬಿನಿಂದ ಇನ್ನೂ ಹಬೆ ಏಳುತ್ತಿತ್ತು. ಒಂದು ಕೈಯಲ್ಲಿ ಜಯಪ್ಪನ ಹೆಗಲು ಹಿಡಿದುಕೊಂಡ. ರಸ್ತೆಯಲ್ಲಿ ಜೆಸಿಬಿ ಹೊತ್ತ ಲಾರಿ ಹಾರ್ನ್ ಹೊಡೆಯುತ್ತ ನಮ್ಮೂರಿನ ಕಡೆ ತಿರುಗಿತು. ಎಸ್ಸೈ ಕಾಲು ಇನ್ನೂ ಮೇಲೇ ಇತ್ತು.